‘ನೋ ಮಾಡ್ಯೂಲ್’ ಎರರ್ ಬಂದರೆ ಪೈಥಾನ್ ಅನ್ನೇ ಕೇಳಿ

ಪೈಥಾನ್‌ನಲ್ಲಿ ‘ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್’ (ಪಾಂಡಾಸ್ ಅನ್ನುವ ಮಾಡ್ಯೂಲ್, ಅಂದರೆ ಇಂಪೋರ್ಟ್ ಮಾಡಿ ಬಳಸುವ ಸಿದ್ಧ ಕೋಡ್, ಸಿಗುತ್ತಿಲ್ಲ) ಅಂತ ಎರರ್ ಬಂದ ಕೂಡಲೇ ನಮ್ಮ ಲ್ಯಾಬಿನ ಮಕ್ಕಳು ಪೈಥಾನ್ ಅನ್ನೇ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಪೈಥಾನ್ ಇರುವ ಕಂಪ್ಯೂಟರಿಗೆ ಮೂರನೆಯದು ಬಂದು ಸೇರುತ್ತದೆ, ಗೊಂದಲ ಇನ್ನೂ ಜಾಸ್ತಿಯಾಗುತ್ತದೆ.

ನಾನು ಒಂದು ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಕೆಲವು ಯಂತ್ರಗಳಲ್ಲಿ ವಿಂಡೋಸ್, ಕೆಲವದರಲ್ಲಿ ಉಬುಂಟು. ನನ್ನ ಹತ್ತಿರ ಬರುವ ಪೈಥಾನ್ ತಕರಾರುಗಳಲ್ಲಿ ಹೆಚ್ಚಿನವು ಕೋಡಿನದ್ದಲ್ಲ, ಹುಡುಕುವ ಜಾಗದ್ದು. ಯಾವ ಪೈಥಾನ್ ರನ್ ಆಗುತ್ತಿದೆ? ಅದು ಎಲ್ಲೆಲ್ಲಿ ಹುಡುಕುತ್ತಿದೆ? ಸಿಕ್ಕಿದ್ದು ಎಲ್ಲಿಂದ ಸಿಕ್ಕಿತು? ಇದನ್ನೆಲ್ಲ ಊಹೆ ಮಾಡಬೇಕಾಗಿಲ್ಲ. ಕೇಳಿದರೆ ಕಂಪ್ಯೂಟರೇ ಹೇಳುತ್ತದೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಪಾತ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ (ಪ್ರೋಗ್ರಾಂಗಳು ಓದಿಕೊಳ್ಳಲು ಸಿಸ್ಟಂನಲ್ಲಿ ಹೆಸರಿಟ್ಟು ಬರೆದಿಟ್ಟ ಸೆಟ್ಟಿಂಗ್) ಇರುವುದು ಪ್ರೋಗ್ರಾಂ ಹುಡುಕಲಿಕ್ಕೆ. ನೀವು ‘ಪೈಥಾನ್’ ಅಂತ ಟೈಪ್ ಮಾಡಿದಾಗ ಯಾವ ಫೋಲ್ಡರಿನ ಪೈಥಾನ್ ಶುರುವಾಗಬೇಕು ಅನ್ನುವುದು ಅದರಿಂದ ತೀರ್ಮಾನವಾಗುತ್ತದೆ. ಇಂಪೋರ್ಟ್ ಮಾಡಿದ ಮಾಡ್ಯೂಲ್ ಹುಡುಕುವುದು ಪೈಥಾನ್‌ನ ಸ್ವಂತ ಪಟ್ಟಿಯಲ್ಲಿ, ಅದರ ಹೆಸರು ಸಿಸ್.ಪಾತ್. ಮಾಡ್ಯೂಲ್ ಇರುವ ಫೋಲ್ಡರನ್ನು ಪಾತ್‌ಗೆ ಸೇರಿಸಿ ‘ಇನ್ನೂ ಸಿಗುತ್ತಿಲ್ಲ ಸರ್’ ಅನ್ನುವವರು ಬಹಳ ಜನ. ಅಲ್ಲಿ ಸೇರಿಸಿದರೆ ಇಂಪೋರ್ಟ್‌ಗೆ ಏನೂ ಉಪಯೋಗವಿಲ್ಲ.

ಈಗ ಯಾವ ಪೈಥಾನ್ ಅಂತ ನೋಡೋಣ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ವೇರ್ ಪೈಥಾನ್’ ಕೊಡಿ. ಪವರ್‌ಶೆಲ್ ಆದರೆ ‘ವೇರ್.ಇಎಕ್ಸ್‌ಇ ಪೈಥಾನ್’ ಅಂತಲೇ ಕೊಡಬೇಕು, ಯಾಕೆಂದರೆ ಅಲ್ಲಿ ಬರೀ ‘ವೇರ್’ ಬೇರೆಯೇ ಕಮಾಂಡ್. ಉಬುಂಟುವಿನಲ್ಲಿ ‘ಟೈಪ್ -ಎ ಪೈಥಾನ್3’. ಎರಡು ಮೂರು ಸಾಲು ಬಂದರೆ ಮೊದಲ ಸಾಲಿನದ್ದೇ ರನ್ ಆಗುತ್ತದೆ. ವಿಂಡೋಸ್‌ನಲ್ಲಿ ಆ ಮೊದಲ ಸಾಲಿನಲ್ಲಿ ‘ವಿಂಡೋಸ್‌ಆ್ಯಪ್ಸ್’ ಫೋಲ್ಡರ್ ಕಂಡರೆ, ಅದು ಮೈಕ್ರೋಸಾಫ್ಟ್ ಸ್ಟೋರ್ ತೆರೆಯುವ ಬರೀ ಒಂದು ಕೊಂಡಿ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಪ್ ಎಕ್ಸಿಕ್ಯೂಷನ್ ಅಲಯಸಸ್’ ಹುಡುಕಿ, ಅಲ್ಲಿ ಪೈಥಾನ್ ಹೆಸರಿನವನ್ನು ಆಫ್ ಮಾಡಿ.

ವಿಂಡೋಸ್ ಪಾತ್‌ನಲ್ಲಿ ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅಲ್ಲಿ ಸಿಸ್ಟಂ ಪಾತ್, ಯೂಸರ್ ಪಾತ್ ಅಂತ ಎರಡು ಪಟ್ಟಿ ಇವೆ. ಸಿಸ್ಟಂನದ್ದು ಮೊದಲು, ಯೂಸರ್‌ನದ್ದು ಆಮೇಲೆ. ಯೂಸರ್ ಪಟ್ಟಿಯಲ್ಲಿ ನಿಮ್ಮ ಹೊಸ ಪೈಥಾನ್ ಅನ್ನು ಎಷ್ಟು ಮೇಲೆ ತಂದರೂ ಸಿಸ್ಟಂ ಪಟ್ಟಿಯಲ್ಲಿ ಹಳೆಯದು ಇದ್ದರೆ ಅದೇ ಗೆಲ್ಲುತ್ತದೆ.

ನಂತರ ‘ಪಿಪ್ --ವರ್ಷನ್’ ಕೊಡಿ. ಪಿಪ್ ಅಂದರೆ ಪಾಂಡಾಸ್‌ನಂಥವನ್ನು ಇನ್‌ಸ್ಟಾಲ್ ಮಾಡುವ ಪ್ರೋಗ್ರಾಂ. ಅದು ತನ್ನ ಫೋಲ್ಡರನ್ನೂ ತಾನು ಯಾವ ಪೈಥಾನ್‌ಗೆ ಸೇರಿದ್ದು ಅನ್ನುವುದನ್ನೂ ತೋರಿಸುತ್ತದೆ. ಇಲ್ಲಿ 3.10 ಅಂತ ಇದ್ದು, ‘ಪೈಥಾನ್ --ವರ್ಷನ್’ 3.12 ಅಂದರೆ ಕಥೆ ಮುಗಿಯಿತು. ಪಾಂಡಾಸ್ ಹೋಗಿ ಕೂತಿದ್ದು ಒಂದರಲ್ಲಿ, ನೀವು ಹುಡುಕುತ್ತಿರುವುದು ಇನ್ನೊಂದರಲ್ಲಿ. ಆದ್ದರಿಂದ ಬರೀ ಪಿಪ್ ಅನ್ನುವ ಅಭ್ಯಾಸ ಬಿಟ್ಟು ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್’ ಅಂತ ಬರೆಯಿರಿ. ಯಾವ ಪೈಥಾನ್ ರನ್ ಆಗುತ್ತದೋ ಅದಕ್ಕೇ ಇನ್‌ಸ್ಟಾಲ್ ಆಗುತ್ತದೆ. ನಮ್ಮ ಲ್ಯಾಬಿನ ಗೋಡೆಗೆ ಈ ಒಂದು ಸಾಲನ್ನು ದೊಡ್ಡದಾಗಿ ಪ್ರಿಂಟ್ ಹಾಕಿ ಅಂಟಿಸಿದ್ದೇನೆ.

ಹೊಸ ಉಬುಂಟುವಿನಲ್ಲಿ ಇದಕ್ಕೂ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಅಂತ ತಡೆ ಬರುತ್ತದೆ. ಆ ಪೈಥಾನ್ ಅನ್ನು ಸಿಸ್ಟಂ ತನ್ನ ಕೆಲಸಕ್ಕೂ ಬಳಸುವುದರಿಂದ ಈ ಕಾವಲು. ಬಲವಂತವಾಗಿ ದಾಟಬೇಡಿ. ‘ಪೈಥಾನ್3 -ಎಂ ವೆನ್ವ್’ ಅಂತ ಬರೆದು ಪಕ್ಕದಲ್ಲಿ ಒಂದು ಫೋಲ್ಡರಿನ ಹೆಸರು ಕೊಟ್ಟರೆ ನಿಮ್ಮ ಪ್ರಾಜೆಕ್ಟಿಗೇ ಬೇರೆ ಪರಿಸರ ಸಿಗುತ್ತದೆ. ಅದನ್ನು ಆಕ್ಟಿವೇಟ್ ಮಾಡಿದಾಗ ನಡೆಯುವ ಮುಖ್ಯ ಕೆಲಸ ಇಷ್ಟೇ: ಅದರೊಳಗಿನ ‘ಬಿನ್’ ಫೋಲ್ಡರ್ (ವಿಂಡೋಸ್‌ನಲ್ಲಿ ‘ಸ್ಕ್ರಿಪ್ಟ್ಸ್’) ಪಾತ್‌ನ ಮೊದಲ ಸ್ಥಾನಕ್ಕೆ ಬರುತ್ತದೆ. ಆದರೆ ಈ ವೆನ್ವ್ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಮನೆಗೆ ಒಯ್ಯಬೇಡಿ. ಅದರೊಳಗಿನ ಫೈಲುಗಳಲ್ಲಿ ಲ್ಯಾಬ್ ಕಂಪ್ಯೂಟರಿನ ಪೂರ್ತಿ ವಿಳಾಸ ಬರೆದಿರುತ್ತದೆ, ಬೇರೆ ಕಡೆ ಕೆಲಸ ಮಾಡುವುದಿಲ್ಲ. ಕೋಡ್ ಮಾತ್ರ ಒಯ್ದು, ಮನೆಯಲ್ಲಿ ಹೊಸದಾಗಿ ವೆನ್ವ್ ಮಾಡಿಕೊಳ್ಳಿ.

ಇನ್ನು ಸಿಸ್.ಪಾತ್. ಇದೇ ನಿಜವಾದ ಜಾಗ. ಎರರ್ ಕೊಡುತ್ತಿರುವ ಫೈಲಿನ ಮೊದಲ ಸಾಲುಗಳಲ್ಲೇ ಸಿಸ್ ಇಂಪೋರ್ಟ್ ಮಾಡಿ, ಸಿಸ್.ಎಕ್ಸಿಕ್ಯೂಟಬಲ್ ಮತ್ತು ಸಿಸ್.ಪಾತ್ ಎರಡನ್ನೂ ಪ್ರಿಂಟ್ ಮಾಡಿ. ‘ಪೈಥಾನ್ -ಎಂ ಸೈಟ್’ ಕೂಡ ಪಟ್ಟಿ ತೋರಿಸುತ್ತದೆ, ಆದರೆ ಮೊದಲ ಸಾಲು ಬೇರೆ ಇರಬಹುದು. ಫೈಲನ್ನು ನೇರವಾಗಿ ರನ್ ಮಾಡಿದರೆ ಪಟ್ಟಿಯ ಮೊದಲ ಜಾಗ ಆ ಫೈಲ್ ಇರುವ ಫೋಲ್ಡರಿಗೆ. -ಎಂ ಹಾಕಿ ರನ್ ಮಾಡಿದರೆ ನೀವು ನಿಂತಿರುವ ಫೋಲ್ಡರಿಗೆ. ಎಡಿಟರಿನಲ್ಲಿ ಓಡುವ ಕೋಡ್ ಟರ್ಮಿನಲ್‌ನಲ್ಲಿ ಓಡುವುದಿಲ್ಲ ಅಂದರೆ ಎಷ್ಟೋ ಸಲ ಇದೇ ಕಾರಣ. ಆ ಮೊದಲ ಜಾಗದ ನಂತರ ಪೈಥಾನ್‌ಪಾತ್ ವೇರಿಯಬಲ್‌ನಲ್ಲಿ ಬರೆದ ಫೋಲ್ಡರುಗಳು, ಆಮೇಲೆ ಪೈಥಾನ್ ಜೊತೆಗೇ ಬರುವ ಲೈಬ್ರರಿ, ಕೊನೆಗೆ ಪಿಪ್ ತಂದು ಹಾಕುವ ಸೈಟ್-ಪ್ಯಾಕೇಜಸ್.

ಈ ಕ್ರಮ ಗೊತ್ತಿದ್ದರೆ ಟರ್ಟಲ್ ಸಮಸ್ಯೆ ತಾನಾಗೇ ಅರ್ಥವಾಗುತ್ತದೆ. ಮೊದಲ ಸೆಮಿಸ್ಟರಿನಲ್ಲಿ, ಪೈಥಾನ್ ಜೊತೆಗೇ ಬರುವ ಟರ್ಟಲ್ ಅನ್ನುವ ಮಾಡ್ಯೂಲ್‌ನಿಂದ ಚಿತ್ರ ಬಿಡಿಸಲು ಹೇಳುತ್ತೇವೆ. ಮಕ್ಕಳು ಫೈಲಿಗೂ ‘ಟರ್ಟಲ್.ಪಿವೈ’ ಅಂತಲೇ ಹೆಸರಿಡುತ್ತಾರೆ. ಸಹಜವೇ ಅಲ್ವಾ? ಆಗ ‘ಇಂಪೋರ್ಟ್ ಟರ್ಟಲ್’ ಅಂದರೆ ಪೈಥಾನ್‌ಗೆ ಮೊದಲ ಫೋಲ್ಡರಿನಲ್ಲೇ ಆ ಹೆಸರು ಸಿಗುತ್ತದೆ, ಅಂದರೆ ಅವರದೇ ಫೈಲು. ನಿಜವಾದ ಟರ್ಟಲ್‌ವರೆಗೆ ಅದು ಹೋಗುವುದೇ ಇಲ್ಲ. ‘ಆಟ್ರಿಬ್ಯೂಟ್ ಇಲ್ಲ’ ಅನ್ನುವ ವಿಚಿತ್ರ ಎರರ್ ಬರುತ್ತದೆ. ರಾಂಡಮ್, ಸಿಎಸ್‌ವಿ, ಈಮೇಲ್ ಅಂತ ಹೆಸರಿಟ್ಟರೂ ಇದೇ ಗತಿ. ಪತ್ತೆ ಮಾಡಲು ಇಂಪೋರ್ಟ್ ಸಾಲಿನ ಕೆಳಗೆ ಟರ್ಟಲ್.__ಫೈಲ್__ ಪ್ರಿಂಟ್ ಮಾಡಿ, ಯಾವ ಫೈಲ್ ಸಿಕ್ಕಿದೆ ಅಂತ ಪೂರ್ತಿ ವಿಳಾಸ ಬರುತ್ತದೆ. ನಿಮ್ಮ ಫೈಲಿನ ಹೆಸರು ಬದಲಾಯಿಸಿದರೆ ಸಾಕು. 2024ರಲ್ಲಿ ಬಂದ ಪೈಥಾನ್ 3.13 ಇಂಥ ಕಡೆ ‘ಹೆಸರು ಬದಲಿಸಿ ನೋಡಿ’ ಅಂತ ಎರರ್‌ನಲ್ಲೇ ಸೂಚಿಸುತ್ತದೆ. ಹೊಸಬರಿಗೆ ಇದು ದೊಡ್ಡ ಉಪಕಾರ.

ಪೈಥಾನ್‌ಪಾತ್ ಮೇಲೆ ಅನುಮಾನ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ‘ಪೈಥಾನ್ -ಇ’ ಅಂತ ದೊಡ್ಡಕ್ಷರದ ಇ ಹಾಕಿ ಅದೇ ಫೈಲನ್ನು ರನ್ ಮಾಡಿ. ಹೆಸರು ‘ಪೈಥಾನ್’ ಅಂತ ಶುರುವಾಗುವ ತನ್ನ ಎಲ್ಲ ವೇರಿಯಬಲ್‌ಗಳನ್ನೂ ಅದು ಬದಿಗಿಡುತ್ತದೆ. ಆಗ ಸರಿಹೋದರೆ ತಪ್ಪು ಅಲ್ಲೇ ಇದೆ. ಪೈಥಾನ್ ಶುರುವಾಗುವ ಮೊದಲೇ ‘ಎನ್‌ಕೋಡಿಂಗ್ಸ್ ಮಾಡ್ಯೂಲ್ ಇಲ್ಲ’ ಅಂತ ನಿಂತರೆ ಪೈಥಾನ್‌ಹೋಮ್ ಅನ್ನುವ ವೇರಿಯಬಲ್ ಎಲ್ಲಾದರೂ ಇದೆಯೇ ನೋಡಿ, ಇದ್ದರೆ ತೆಗೆಯಿರಿ. ಬೇರೆ ಯಾವುದೋ ಸಾಫ್ಟ್‌ವೇರ್ ಅದನ್ನು ಹಾಕಿಟ್ಟಿರಬಹುದು. ಪೈಥಾನ್‌ಪಾತ್ ಅನ್ನು ಕಾಯಂ ಆಗಿ ಇಟ್ಟುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಒಂದು ಪ್ರಾಜೆಕ್ಟಿಗೆ ಹಾಕಿದ್ದು ಎಲ್ಲ ಪ್ರಾಜೆಕ್ಟಿಗೂ ತಗಲುತ್ತದೆ.

‘ವೇರಿಯಬಲ್ ಬದಲಾಯಿಸಿದೆ, ಏನೂ ಆಗಲಿಲ್ಲ’ ಅನ್ನುವುದು ಇನ್ನೊಂದು ದೂರು. ಪ್ರೋಗ್ರಾಂ ಶುರುವಾಗುವಾಗ ವೇರಿಯಬಲ್‌ಗಳ ಒಂದು ನಕಲು ಅದಕ್ಕೆ ಸಿಗುತ್ತದೆ. ನೀವು ಆಮೇಲೆ ಬದಲಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ಟರ್ಮಿನಲ್ ಮುಚ್ಚಿ ಹೊಸದು ತೆರೆಯಿರಿ. ವಿಎಸ್ ಕೋಡ್ ಒಳಗಿನ ಟರ್ಮಿನಲ್ ಆದರೆ ವಿಎಸ್ ಕೋಡ್ ಅನ್ನೇ ಪೂರ್ತಿ ಮುಚ್ಚಿ ತೆರೆಯಿರಿ. ವಿಂಡೋಸ್‌ನಲ್ಲಿ ಪಾತ್ ಬದಲಿಸಲು ‘ಸೆಟ್‌ಎಕ್ಸ್’ ಕಮಾಂಡ್ ಬಳಸಬೇಡಿ. 1024 ಅಕ್ಷರ ದಾಟಿದ ಭಾಗವನ್ನು ಅದು ಕತ್ತರಿಸಿಬಿಡುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಕಿಟಕಿಯಲ್ಲೇ ಬದಲಿಸಿ. ಉಬುಂಟುವಿನಲ್ಲಿ ವೇರಿಯಬಲ್ ಹೆಸರಿನ ಮುಂಚೆ ‘ಎಕ್ಸ್‌ಪೋರ್ಟ್’ ಬರೆಯಲು ಮರೆಯಬಾರದು, ಸಮಚಿಹ್ನೆಯ ಎರಡೂ ಪಕ್ಕ ಜಾಗ ಬಿಡಬಾರದು. ಫೋಲ್ಡರುಗಳ ನಡುವೆ ಅಲ್ಲಿ ಕೋಲನ್, ವಿಂಡೋಸ್‌ನಲ್ಲಿ ಸೆಮಿಕೋಲನ್.

ಇಂಪೋರ್ಟ್ ಸರಿಯಾಗಿ, ‘ಮಾರ್ಕ್ಸ್.ಸಿಎಸ್‌ವಿ’ ತೆರೆಯುವಾಗ ‘ಫೈಲ್ ನಾಟ್ ಫೌಂಡ್’ ಬಂದರೆ ಅದಕ್ಕೂ ಸಿಸ್.ಪಾತ್‌ಗೂ ಸಂಬಂಧ ಇಲ್ಲ. ಫೈಲ್ ತೆರೆಯುವ ‘ಓಪನ್’ ಫಂಕ್ಷನ್ ಹುಡುಕುವುದು ನೀವು ನಿಂತಿರುವ ಫೋಲ್ಡರಿನಲ್ಲಿ. ಓಎಸ್.ಗೆಟ್‌ಸಿಡಬ್ಲ್ಯೂಡಿ ಪ್ರಿಂಟ್ ಮಾಡಿದರೆ ಅದು ಯಾವುದು ಅಂತ ಕಾಣುತ್ತದೆ. ವಿಂಡೋಸ್‌ನಲ್ಲಿ ಫೈಲಿನ ನಿಜವಾದ ಹೆಸರು ‘ಮಾರ್ಕ್ಸ್.ಸಿಎಸ್‌ವಿ.ಟಿಎಕ್ಸ್‌ಟಿ’ ಆಗಿರಬಹುದು, ಎಕ್ಸ್‌ಪ್ಲೋರರ್ ಕೊನೆಯ ಭಾಗವನ್ನು ಮುಚ್ಚಿಟ್ಟಿರುತ್ತದೆ. ಆ ಫೈಲಿನಲ್ಲಿ ಹೆಸರುಗಳು ಕನ್ನಡದಲ್ಲಿದ್ದು ‘ಚಾರ್‌ಮ್ಯಾಪ್’ ಅಂತ ಎರರ್ ಬಂದರೆ ಓಪನ್‌ನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬರೆಯಿರಿ. ಕೋಡ್ ಬೇರೆಯವರದ್ದು, ಮುಟ್ಟುವ ಹಾಗಿಲ್ಲ ಅಂದರೆ ‘ಪೈಥಾನ್‌ಯುಟಿಎಫ್8’ ವೇರಿಯಬಲ್‌ಗೆ 1 ಕೊಟ್ಟು, ಹೊಸ ಟರ್ಮಿನಲ್ ತೆರೆದು ರನ್ ಮಾಡಿ.