‘ಇಂದ’ ಎಂದರೆ ಯಾವಾಗಲೂ ‘ಬೈ’ ಅಲ್ಲ

ಹಾಸನದ ಬಸ್ ನಿಲ್ದಾಣದ ಆಸುಪಾಸಿನ ಹೋಟೆಲುಗಳಲ್ಲಿ ಬೆಳಿಗ್ಗೆ ಏಳರ ಹೊತ್ತಿಗೆ ಕಿವಿಗೆ ಹೆಚ್ಚು ಬೀಳುವ ಇಂಗ್ಲಿಷ್ ಪದ ‘ಕಾಫಿ’ಯಲ್ಲ, ‘ಬೈ’. ಕಾಫಿಯನ್ನು ನಾವು ಎಂದೋ ಕನ್ನಡವಾಗಿಸಿಕೊಂಡಿದ್ದೇವೆ. ‘ಮೂರನೇ ಟೇಬಲ್ಲಿಗೆ ಎರಡು ಬೈ ಟೂ, ಒಂದು ಸ್ಟ್ರಾಂಗ್’ ಎಂದು ಸಪ್ಲೈಯರ್ ಒಳಗಡೆಗೆ ಕೂಗಿದರೆ, ಸಕ್ಕರೆ ಕಲಸುತ್ತ ನಿಂತ ಕಾಫಿ ಮಾಡುವವನು ಅಳತೆ ನೋಡದೆಯೇ ಒಂದು ಲೋಟದ್ದನ್ನು ಎರಡು ಲೋಟಕ್ಕೆ ಸರಿಸಮವಾಗಿ ಹೊಯ್ಯುತ್ತಾನೆ. ಇಷ್ಟು ಸಲೀಸಾಗಿ ‘ಬೈ’ ಎನ್ನುವ ನಾವೇ ಇಂಗ್ಲಿಷಿನಲ್ಲಿ ಒಂದು ರಜೆ ಅರ್ಜಿಯನ್ನೋ ವಿಮೆಯ ಪತ್ರವನ್ನೋ ಬರೆಯಲು ಕುಳಿತಾಗ ಅದೇ ಪದದ ಮುಂದೆ ತಡವರಿಸುತ್ತೇವೆ. ಇಂಗ್ಲಿಷಿನಲ್ಲಿ ಎರಡು ಅಕ್ಷರ, ಕನ್ನಡ ಲಿಪಿಯಲ್ಲಿ ಒಂದೇ ಅಕ್ಷರದ ಈ ಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆಂಬುದನ್ನು ಇಲ್ಲಿ ಹಂತಹಂತವಾಗಿ ನೋಡೋಣ.

ಮೊದಲ ಹೆಜ್ಜೆ: ‘ಇಂದ’ವನ್ನು ಸ್ವಲ್ಪ ಹೊತ್ತು ಮರೆಯಿರಿ

ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಲ್ಲಿ ಬಹಳಷ್ಟು ಜನ ‘ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ’ ಎಂದು ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದವರು. ಅದರ ಪಕ್ಕದಲ್ಲೇ ‘ರಾಮನಿಂದ’ ಎಂದರೆ ‘ಬೈ ರಾಮ’ ಎಂದೂ ಕಲಿತೆವು. ಅಂದಿನಿಂದ ‘ಇಂದ’ ಬಂದಲ್ಲೆಲ್ಲ ‘ಬೈ’ ಬರೆಯುವುದು ಕೈಗೆ ರೂಢಿಯಾಗಿದೆ. ಆದರೆ ಕನ್ನಡದ ‘ಇಂದ’ ಹೊರುವ ಹೊರೆ ದೊಡ್ಡದು. ಬೇಲೂರಿನಿಂದ ಬಂದೆ, ಕತ್ತಿಯಿಂದ ಕಡಿದೆ, ಜ್ವರದಿಂದ ಮಲಗಿದೆ, ಎರಡು ವರ್ಷದಿಂದ ಇಲ್ಲಿದ್ದೇನೆ, ಅವರಿಂದ ಉದ್ಘಾಟನೆಯಾಯಿತು ಎಂಬ ಈ ಐದು ವಾಕ್ಯಗಳಲ್ಲಿ ಇಂಗ್ಲಿಷು ಕ್ರಮವಾಗಿ ‘ಫ್ರಮ್’, ‘ವಿತ್’, ‘ವಿತ್’, ‘ಫಾರ್’ ಮತ್ತು ‘ಬೈ’ಗಳನ್ನು ಬಳಸುತ್ತದೆ. ಐದರಲ್ಲಿ ‘ಬೈ’ ಸಲ್ಲುವುದು ಕೊನೆಯದಕ್ಕೆ ಮಾತ್ರ.

ಎರಡನೆಯ ಹೆಜ್ಜೆ: ಪದದ ಹುಟ್ಟನ್ನು ತಿಳಿಯಿರಿ

ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಈ ಪದ ‘ಬೀ’ ಎಂದೂ, ಒತ್ತು ಬೀಳದ ಕಡೆ ‘ಬೆ’ ಎಂದೂ ಇತ್ತು. ಅದರ ಮೂಲ ಅರ್ಥ ‘ಹತ್ತಿರ’, ‘ಪಕ್ಕದಲ್ಲಿ’. ಜರ್ಮನ್ ಮತ್ತು ಡಚ್ ಭಾಷೆಗಳಲ್ಲಿ ಇದರ ಸೋದರ ಪದಗಳು ಇಂದಿಗೂ ‘ಬಳಿ’ ಎಂಬ ಅರ್ಥದಲ್ಲಿ ಬಳಕೆಯಲ್ಲಿವೆ, ಉಚ್ಚಾರವೂ ನಮ್ಮ ಕಿವಿಗೆ ‘ಬೈ’ ಎಂದೇ ಕೇಳುತ್ತದೆ. ನಮ್ಮದೇ ‘ಬಳಿ’ ಎಂಬ ಪದದೊಡನೆ ಇದಕ್ಕೆ ಯಾವ ಸಂಬಂಧವೂ ಇಲ್ಲ, ಆದರೂ ನೆನಪಿಟ್ಟುಕೊಳ್ಳಲು ಆ ಹೋಲಿಕೆ ಒದಗಿಬರುತ್ತದೆ.

ಒತ್ತು ಬೀಳದ ‘ಬೆ’ ಎಷ್ಟೋ ಇಂಗ್ಲಿಷ್ ಪದಗಳ ತಲೆಯಲ್ಲಿ ಇನ್ನೂ ಕುಳಿತಿದೆ. ‘ಬಿಸೈಡ್’ ಎಂದರೆ ಬದಿಯ ಬಳಿ, ‘ಬಿಫೋರ್’ ಎಂದರೆ ಮುಂದಿನ ಬದಿಗೆ, ‘ಬಿಹೈಂಡ್’ ಎಂದರೆ ಹಿಂದಿನ ಬದಿಗೆ. ನಾವು ದಿನಕ್ಕೆ ಹತ್ತು ಸಲ ಹೇಳುವ ‘ಬಿಕಾಸ್’ ಕೂಡ ಮೊದಲು ‘ಬೈ ಕಾಸ್’, ಅಂದರೆ ‘ಕಾರಣದ ಮೂಲಕ’ ಎಂಬ ಎರಡು ಪದಗಳೇ ಆಗಿತ್ತು. ಎಲ್ಲಕ್ಕಿಂತ ಸೊಗಸಾದದ್ದು ‘ಬಿಟ್ವೀನ್’. ಅದರ ಮೊದಲ ಭಾಗ ಈ ‘ಬೆ’, ಎರಡನೆಯ ಭಾಗ ‘ಎರಡು’ ಎಂಬುದರ ಹಳೆಯ ರೂಪ. ಬಿಡಿಸಿ ಓದಿದರೆ ಅದು ‘ಬೈ ಟೂ’ ಆಗುತ್ತದೆ. ನಮ್ಮ ಸಪ್ಲೈಯರ್‌ಗೆ ಇದು ತಿಳಿದಿರಲಿಕ್ಕಿಲ್ಲ.

ಪಕ್ಕದಲ್ಲಿರುವುದು ಎಂಬ ಅರ್ಥವೇ ಮುಂದೆ ‘ಮುಖ್ಯವಲ್ಲದ್ದು’ ಎಂದು ಹರಿಯಿತು. ಊರಿನ ಒಳಗೆ ನುಗ್ಗದೆ ಪಕ್ಕದಲ್ಲೇ ಹಾದುಹೋಗುವ ರಸ್ತೆ ಬೈಪಾಸ್. ಕಾಫಿ ಬೀಜದ ಜೊತೆಗೆ ಸಿಗುವ ಹೊಟ್ಟು ‘ಬೈ ಪ್ರಾಡಕ್ಟ್’. ಸಾರ್ವತ್ರಿಕ ಚುನಾವಣೆಯ ಹೊರಗೆ, ತೆರವಾದ ಒಂದು ಸ್ಥಾನಕ್ಕೆ ನಡೆಯುವುದು ‘ಬೈ ಎಲೆಕ್ಷನ್’. 1978ರಲ್ಲಿ ಇಂದಿರಾ ಗಾಂಧಿಯವರು ನಿಂತು ಗೆದ್ದ ಲೋಕಸಭಾ ಉಪಚುನಾವಣೆಯಿಂದಾಗಿ ಚಿಕ್ಕಮಗಳೂರಿನ ಹೆಸರು ದೇಶದ ಎಲ್ಲ ಪತ್ರಿಕೆಗಳ ಮುಖಪುಟದಲ್ಲಿ ಬಂದದ್ದು ಹಿರಿಯರಿಗೆ ನೆನಪಿರಬಹುದು. ಇಲ್ಲಿ ಕನ್ನಡದವರು ಆರಿಸಿಕೊಂಡ ‘ಉಪ’ವನ್ನು ಗಮನಿಸಬೇಕು. ಸಂಸ್ಕೃತದ ‘ಉಪ’ಕ್ಕೂ ಮೂಲ ಅರ್ಥ ‘ಹತ್ತಿರ’ವೇ, ಅದೂ ಇದೇ ದಾರಿಯಲ್ಲಿ ನಡೆದು ‘ಎರಡನೆಯ ದರ್ಜೆಯದು’ ಎಂಬ ಅರ್ಥಕ್ಕೆ ಬಂದು ನಿಂತಿದೆ. ನನ್ನ ಮಟ್ಟಿಗೆ ‘ಉಪಚುನಾವಣೆ’ಯಷ್ಟು ನಿಖರವಾದ ಅನುವಾದಗಳು ನಮ್ಮಲ್ಲಿ ಹೆಚ್ಚಿಲ್ಲ.

ಒಂದು ಎಚ್ಚರಿಕೆ. ಸಹಕಾರ ಸಂಘಗಳಲ್ಲಿ ನಾವು ಹೇಳುವ ‘ಬೈಲಾ’ದಲ್ಲಿರುವ ‘ಬೈ’ ಈ ಮನೆತನದ್ದಲ್ಲ. ಅದು ಊರು ಎಂಬ ಅರ್ಥದ ಸ್ಕ್ಯಾಂಡಿನೇವಿಯದ ಪದದಿಂದ ಬಂದದ್ದು, ‘ಬೈಲಾ’ ಎಂದರೆ ಊರಿನ ಕಟ್ಟಳೆ. ಇಂಗ್ಲೆಂಡಿನ ಡರ್ಬಿ, ವಿಟ್ಬಿ ಎಂಬ ಊರುಗಳ ಬಾಲದಲ್ಲಿರುವುದೂ ಅದೇ, ನಮ್ಮ ಬೇಲೂರಿನ ‘ಊರು’ ಇದ್ದಂತೆ. ‘ಗುಡ್ ಬೈ’ ಕೂಡ ಬೇರೆಯದೇ, ಅದು ‘ದೇವರು ನಿನ್ನ ಜೊತೆಗಿರಲಿ’ ಎಂಬ ಇಡೀ ವಾಕ್ಯ ಸವೆದು ಉಳಿದ ಚೂರು.

ಮೂರನೆಯ ಹೆಜ್ಜೆ: ಮಾಡಿದವರು ಯಾರು, ಬಳಸಿದ್ದು ಏನು ಎಂದು ಬೇರ್ಪಡಿಸಿ

ಹೆಚ್ಚು ಎಡವುವುದು ಇಲ್ಲಿಯೇ ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಬೇಲೂರಿನ ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದನು. ಅಲ್ಲಿನ ಮದನಿಕೆಯರ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರುಗಳನ್ನು ಇಂದಿಗೂ ಓದಬಹುದು. ಇಂಗ್ಲಿಷಿನಲ್ಲಿ ಇದನ್ನು ‘ಕಾರ್ವ್ಡ್ ಬೈ ದಾಸೋಜ’ ಎನ್ನುತ್ತೇವೆ. ಆದರೆ ಉಳಿಯಿಂದ ಕೆತ್ತಿದ ಎನ್ನುವಾಗ ‘ಬೈ’ ಬರಬಾರದು, ‘ವಿತ್ ಎ ಚಿಸೆಲ್’ ಎನ್ನಬೇಕು. ಕೆಲಸ ಮಾಡಿದವರ ಪಕ್ಕದಲ್ಲಿ ‘ಬೈ’ ನಿಲ್ಲುತ್ತದೆ, ಅವರ ಕೈಯಲ್ಲಿರುವ ಸಾಧನದ ಪಕ್ಕದಲ್ಲಿ ‘ವಿತ್’. ಕನ್ನಡದಲ್ಲಿ ದಾಸೋಜನಿಗೂ ಉಳಿಗೂ ಒಂದೇ ‘ಇಂದ’ ಸಾಕಾಗುವುದರಿಂದ ಈ ಭೇದ ನಮ್ಮ ಗಮನಕ್ಕೆ ಬರುವುದೇ ಇಲ್ಲ.

ಇಂಗ್ಲಿಷರು ಕೂಡ ಒಂದು ಕಾಲದಲ್ಲಿ ನಮ್ಮಂತೆಯೇ ಯೋಚಿಸುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ ಕರ್ತೃವನ್ನು ಸೂಚಿಸಲು ಇಂದಿನ ‘ಫ್ರಮ್’ನ ಪೂರ್ವರೂಪವನ್ನು ಬಳಸುವುದಿತ್ತು, ಅದು ತದ್ವತ್ತಾಗಿ ನಮ್ಮ ‘ಇಂದ’. ಆಮೇಲೆ ‘ಆಫ್’ ಬಂದಿತು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನಲ್ಲಿ ಸೈತಾನನಿಂದ ಪ್ರಲೋಭನೆಗೊಳಗಾದ ಎನ್ನಲು ‘ಆಫ್ ಸೇಟನ್’ ಎಂದೇ ಇದೆ. ಕರ್ತೃವಿಗೆ ‘ಬೈ’ ಒಂದೇ ಗತಿ ಎಂಬ ನಿಯಮ ಗಟ್ಟಿಯಾದದ್ದು ಅದರ ನಂತರ.

ಈ ಭೇದ ಬರಿಯ ವ್ಯಾಕರಣದ ಮಾತಲ್ಲ ಎಂಬುದನ್ನು ನಾನು ಮುಜುಗರಪಟ್ಟೇ ಕಲಿತೆ. ಹಲವು ವರ್ಷಗಳ ಹಿಂದೆ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ನಡೆಯುವಾಗ ಕೊಂಬೆ ಬಿದ್ದು ಒಬ್ಬ ಕಾರ್ಮಿಕರ ಭುಜದ ಮೂಳೆ ಮುರಿಯಿತು. ಅವರ ಪರಿಹಾರದ ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟವನು ನಾನು. ಕೊಂಬೆ ವಸ್ತುವಲ್ಲವೇ ಎಂದುಕೊಂಡು ‘ಹಿಟ್ ವಿತ್ ಎ ಬ್ರಾಂಚ್’ ಎಂದು ಬರೆದೆ. ಕಚೇರಿಯಲ್ಲಿ ಕಾಗದವನ್ನು ಓದಿದ ಅಧಿಕಾರಿ ತಲೆಯೆತ್ತಿ, ‘ಹೊಡೆದವರು ಯಾರು? ಪೊಲೀಸ್ ದೂರು ಕೊಟ್ಟಿದ್ದೀರಾ?’ ಎಂದು ಕೇಳಿದರು. ‘ವಿತ್’ ಎಂದೊಡನೆ ಆ ಕೊಂಬೆ ಯಾರದೋ ಕೈಯ ಆಯುಧವಾಗಿಬಿಟ್ಟಿತ್ತು. ‘ಹಿಟ್ ಬೈ ಎ ಬ್ರಾಂಚ್’ ಎಂದಿದ್ದರೆ ಕೊಂಬೆ ತಾನಾಗಿ ಬಡಿಯಿತು ಎಂದಾಗುತ್ತಿತ್ತು. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ ಅವರು, ‘ಯಾರೂ ಹೊಡೀಲಿಲ್ಲ ಸಾರ್, ಮರವೇ ಹೊಡೀತು’ ಎಂದರು. ನನ್ನ ಇಂಗ್ಲಿಷಿಗಿಂತ ಅವರ ಕನ್ನಡ ಸರಿಯಾಗಿತ್ತು. ಆ ಹಾಳೆಯನ್ನು ಹರಿದು, ಹೊರಗಿನ ಜೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಇನ್ನೊಮ್ಮೆ ಬರೆದೆ.

ನಾಲ್ಕನೆಯ ಹೆಜ್ಜೆ: ಪ್ರಯಾಣಕ್ಕೆ ಬಳಸುವಾಗ ನಾಮಪದವನ್ನು ಬರಿದಾಗಿ ಬಿಡಿ

‘ಬೈ ಬಸ್’, ‘ಬೈ ಕಾರ್’, 2013ರಲ್ಲಿ ಚಿಕ್ಕಮಗಳೂರಿಗೆ ರೈಲು ಬಂದ ಮೇಲೆ ‘ಬೈ ಟ್ರೈನ್’ ಕೂಡ. ಇಲ್ಲಿ ‘ಬೈ’ ಮತ್ತು ವಾಹನದ ನಡುವೆ ‘ಎ’, ‘ದಿ’, ‘ಮೈ’ ಯಾವುದೂ ಬರಕೂಡದು. ನಿರ್ದಿಷ್ಟ ವಾಹನವನ್ನು ಹೇಳಬೇಕಾದರೆ ‘ಬೈ’ಯನ್ನೇ ಬಿಟ್ಟು ‘ಇನ್ ಮೈ ಕಾರ್’ ಎನ್ನಬೇಕು. ‘ಬೈ ವಾಕ್’ ಎಂಬುದು ನಮ್ಮ ಸೃಷ್ಟಿ. ನಡೆದು ಬಂದೆ ಎನ್ನಲು ‘ಆನ್ ಫುಟ್’ ಎನ್ನಬೇಕು, ‘ಐ ವಾಕ್ಡ್’ ಎಂದರೆ ಇನ್ನೂ ಲೇಸು.

ಐದನೆಯ ಹೆಜ್ಜೆ: ಗಡುವು ಹೇಳುವಾಗ ‘ಒಳಗೆ’ಯನ್ನು ನಂಬಬೇಡಿ

ಐದು ಗಂಟೆಯೊಳಗೆ ಅರ್ಜಿ ಕೊಡಿ ಎಂಬುದನ್ನು ‘ವಿದಿನ್ ಫೈವ್ ಒ ಕ್ಲಾಕ್’ ಎಂದು ಬರೆದ ಸೂಚನಾ ಫಲಕಗಳನ್ನು ನೋಡಿರುತ್ತೀರಿ. ‘ವಿದಿನ್’ ನಂತರ ಎರಡು ಗಂಟೆ, ಮೂರು ದಿನ ಎಂಬಂಥ ಅವಧಿ ಬರಬೇಕು. ಗಡಿಯಾರದ ಗಂಟೆ, ವಾರ, ತಾರೀಖು ಬಂದರೆ ‘ಬೈ’ ಎನ್ನಬೇಕು. ಮೂಲ ಅರ್ಥ ಇಲ್ಲಿಯೂ ಕೆಲಸ ಮಾಡುತ್ತದೆ: ಆ ಗಳಿಗೆಯ ಪಕ್ಕಕ್ಕೆ ಬಂದು ನಿಲ್ಲಬಹುದು, ಅದನ್ನು ದಾಟುವಂತಿಲ್ಲ. ‘ಅನ್‌ಟಿಲ್ ಫೈವ್’ ಎಂದರೆ ಐದರ ತನಕ ನಡೆಯುತ್ತಲೇ ಇರುವ ಕೆಲಸ. ಅಂಗಡಿ ಐದರ ತನಕ ತೆರೆದಿರುತ್ತದೆ, ಆದರೆ ಹಣವನ್ನು ಐದರೊಳಗೆ ಕಟ್ಟಬೇಕು. ಮೊದಲನೆಯದಕ್ಕೆ ‘ಅನ್‌ಟಿಲ್’, ಎರಡನೆಯದಕ್ಕೆ ‘ಬೈ’. ‘ಬೈ ಮಂಡೇ’ ಎಂದರೆ ಸೋಮವಾರವೂ ಸೇರಿತೇ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಹೌದು ಎಂದೇ ಉತ್ತರ. ಆದರೂ ದುಡ್ಡಿನ ವ್ಯವಹಾರದ ಪತ್ರವಾದರೆ ಗಂಟೆಯನ್ನೂ ನಮೂದಿಸುವುದು ಒಳ್ಳೆಯದು, ಏಕೆಂದರೆ ನಮ್ಮ ‘ಸೋಮವಾರದೊಳಗೆ’ಯೂ ಅಷ್ಟೇ ಜಗಳಕ್ಕೆ ಎಡೆಮಾಡುತ್ತದೆ.

ಆರನೆಯ ಹೆಜ್ಜೆ: ಲೆಕ್ಕದಲ್ಲಿ ಬಂದಾಗ ಕಣ್ಣಿಟ್ಟು ಓದಿ

ಕಾಫಿ ಕೊಯ್ಲಿನಲ್ಲಿ ಕೂಲಿಯನ್ನು ಕಿಲೋ ಲೆಕ್ಕದಲ್ಲಿ ಕೊಟ್ಟರೆ ‘ಬೈ ದಿ ಕಿಲೋ’, ದಿನದ ಲೆಕ್ಕದಲ್ಲಿ ಕೊಟ್ಟರೆ ‘ಬೈ ದಿ ಡೇ’. ಪ್ರಯಾಣದಲ್ಲಿ ಬೇಡವಾಗಿದ್ದ ‘ದಿ’ ಇಲ್ಲಿ ಬೇಕೇ ಬೇಕು. ಬೆಲೆಯ ಏರಿಳಿತದ ವಿಷಯದಲ್ಲಿ ಒಂದು ಪದ ತಪ್ಪಿದರೆ ಅರ್ಥವೇ ಬುಡಮೇಲಾಗುತ್ತದೆ. ಐವತ್ತು ಕೆ.ಜಿ. ಮೂಟೆಯ ಬೆಲೆ ‘ಬೈ’ ಸಾವಿರ ಏರಿತು ಎಂದರೆ ಮೊದಲಿದ್ದ ಬೆಲೆಗೆ ಸಾವಿರ ಕೂಡಿತು ಎಂದು, ‘ಟು’ ಸಾವಿರ ಏರಿತು ಎಂದರೆ ಬೆಲೆಯೇ ಸಾವಿರಕ್ಕೆ ಮುಟ್ಟಿತು ಎಂದು. ಕನ್ನಡದಲ್ಲಿ ಇವು ‘ಸಾವಿರದಷ್ಟು’ ಮತ್ತು ‘ಸಾವಿರಕ್ಕೆ’. ಮಾರುಕಟ್ಟೆ ವರದಿಯನ್ನು ಅನುವಾದಿಸುವವರು ಈ ಜೋಡಿಯನ್ನು ಮೇಜಿನ ಮುಂದೆ ಬರೆದು ಅಂಟಿಸಿಕೊಂಡರೂ ತಪ್ಪಿಲ್ಲ.

ಅಳತೆಯಲ್ಲಿ ‘ಬೈ’ ಉದ್ದವನ್ನೂ ಅಗಲವನ್ನೂ ಅಕ್ಕಪಕ್ಕ ನಿಲ್ಲಿಸುತ್ತದೆ. ‘ಥರ್ಟಿ ಬೈ ಫಾರ್ಟಿ’ ಸೈಟು ಎಂದರೆ 1,200 ಚದರ ಅಡಿ. ಈ ಬಳಕೆ ಎಲ್ಲ ದೇಶದವರಿಗೂ ಅರ್ಥವಾಗುತ್ತದೆ. ಆದರೆ ಓರೆಗೆರೆಯನ್ನು ‘ಬೈ’ ಎಂದು ಓದುವುದು ಹಾಗಲ್ಲ. ಸರ್ವೆ ನಂಬರ್ 45/2 ಅನ್ನು ‘ನಲವತ್ತೈದು ಬೈ ಎರಡು’ ಎಂದೂ, ಭಿನ್ನರಾಶಿ 3/4 ಅನ್ನು ‘ಮೂರು ಬೈ ನಾಲ್ಕು’ ಎಂದೂ ನಾವು ಓದುತ್ತೇವೆ. ಇದು ‘ಡಿವೈಡೆಡ್ ಬೈ’ ಎಂಬುದರ ಬಾಲವನ್ನಷ್ಟೇ ಉಳಿಸಿಕೊಂಡ ರೂಪ. ಇಂಗ್ಲೆಂಡಿನವರು ಅದೇ ಭಿನ್ನರಾಶಿಯನ್ನು ‘ಥ್ರೀ ಕ್ವಾರ್ಟರ್ಸ್’ ಎಂದೋ ‘ಥ್ರೀ ಓವರ್ ಫೋರ್’ ಎಂದೋ ಓದುತ್ತಾರೆ. ಫೋನಿನಲ್ಲಿ ಹೊರದೇಶದವರಿಗೆ ವಿಳಾಸ ಹೇಳುವಾಗ ಮನೆ ನಂಬರಿನ ಓರೆಗೆರೆಯನ್ನು ‘ಸ್ಲ್ಯಾಶ್’ ಎಂದು ಹೇಳಿದರೆ ಗೊಂದಲವಿರುವುದಿಲ್ಲ.

ಬೈ ಟೂ ಕಾಫಿಯೂ ಈ ಓರೆಗೆರೆಯ ಸಂತಾನವೇ, ಒಂದು ಬೈ ಎರಡು ಎಂದರೆ ಅರ್ಧ. ನಮ್ಮ ಹೋಟೆಲುಗಳಲ್ಲಿ ಅದನ್ನು ತಿದ್ದುವ ಅಗತ್ಯವಿಲ್ಲ, ಅಲ್ಲಿ ಅದು ಕನ್ನಡವೇ ಆಗಿದೆ. ಆದರೆ ಹೋಂಸ್ಟೇಗೆ ಬಂದ ಹೊರದೇಶದ ಅತಿಥಿಗಳಿಗೆ ‘ವಿಲ್ ಯು ಹ್ಯಾವ್ ಬೈ ಟೂ?’ ಎಂದರೆ ಅವರು ಮುಖ ನೋಡುತ್ತಾರೆ. ಅವರಲ್ಲಿ ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವುದಕ್ಕೆ ‘ಒನ್ ಕಾಫಿ ಬಿಟ್ವೀನ್ ಟೂ’ ಎನ್ನುತ್ತಾರೆ. ಅದರಲ್ಲಿ ಎರಡು ಎಂಬುದು ಎರಡು ಸಲ ಬಂದುಹೋಗಿದೆ ಎಂಬುದು ಅವರಿಗೂ ಹೊಳೆದಿರುವುದಿಲ್ಲ.