ಮೂರು ರೋಲರ್ ಯಂತ್ರದಲ್ಲಿ ತಗಡನ್ನು ಗುಂಡಾಗಿ ಸುತ್ತುವ ಬಗೆ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಅಕ್ಕಿ ಗಿರಣಿಗಳಿಂದ ನಮ್ಮ ವರ್ಕ್‌ಶಾಪುಗಳಿಗೆ ಕೊಳವೆಯ ಕೆಲಸ ಮತ್ತೆ ಮತ್ತೆ ಬರುತ್ತದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೇರಳವಾಗಿರುವುದರಿಂದ ಅದು ಸಾಗುವ ಕೊಳವೆಯ ತಗಡು ಒಳಗಿನಿಂದ ಸವೆಯುತ್ತ ಬಂದು, ತಿರುವುಗಳಲ್ಲಿ ಮೊದಲು ತೂತು ಬೀಳುತ್ತದೆ. ಅಂತಹ ಕೊಳವೆಯೊಂದನ್ನು ಹೊಸದಾಗಿ ಸುತ್ತುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಉದ್ದದ ಲೆಕ್ಕ. ಒಳವ್ಯಾಸ 400 ಮಿ.ಮೀ., ತಗಡಿನ ದಪ್ಪ 2 ಮಿ.ಮೀ. ಎಂದಾದರೆ ಎರಡನ್ನೂ ಕೂಡಿಸಿ, ಬಂದ 402ನ್ನು 3.1416ರಿಂದ ಗುಣಿಸಬೇಕು, ಸುಮಾರು 1263 ಮಿ.ಮೀ. ಆಗುತ್ತದೆ. ಒಳವ್ಯಾಸವನ್ನಷ್ಟೇ ಗುಣಿಸಿದವರಿಗೆ 6 ಮಿ.ಮೀ. ಕಡಿಮೆ ಬಂದು, ಕೊಳವೆ ಬಿಗಿಯಾಗುತ್ತದೆ. ಕತ್ತರಿಸಿದ ಮೇಲೆ ಎರಡೂ ಕರ್ಣಗಳನ್ನು ಅಳೆದು, ಸಮನಾಗಿದ್ದರೆ ಮಾತ್ರ ಮುಂದುವರಿಯಿರಿ. ಅಂಚಿನ ಚೂಪು ಮುಳ್ಳುಗಳನ್ನು ಅರದಿಂದ ಉಜ್ಜಿ ತೆಗೆಯಿರಿ, ಇಲ್ಲವಾದರೆ ಅವು ರೋಲರಿನ ಮೈಯನ್ನು ಗೀರುತ್ತವೆ.

ಬೇಸಿಗೆಯಲ್ಲಿ ತಗಡನ್ನು ಹಿಂದಿನ ಸಂಜೆಯೇ ನೆರಳಿಗೆ ಸೇರಿಸಿಡುವುದು ಒಳ್ಳೆಯದು. ನಮ್ಮ ಕಡೆಯ ಬಿಸಿಲಿನಲ್ಲಿ ಬಿದ್ದ ತಗಡು ಕೈ ಸುಡುತ್ತದೆ. ಸುಡುವುದೆಂದು ಹುಡುಗರು ಕೈಗವಸು ಹಾಕಿಕೊಳ್ಳುತ್ತಾರೆ. ತಿರುಗುವ ರೋಲರು ಆ ಗವಸಿನ ತುದಿ ಹಿಡಿದರೆ ಕೈಯನ್ನೇ ಒಳಗೆಳೆಯುತ್ತದೆ. ರೋಲರಿನ ಬಳಿ ಗವಸು, ಕೊರಳಿನ ಟವೆಲ್, ಸಡಿಲ ತೋಳು ಯಾವುದೂ ಸಲ್ಲದು. ಸ್ವಿಚ್ಚಿನ ಮುಂದೆ ಒಬ್ಬನೇ ನಿಂತಿರಬೇಕು, ಅವನ ಕಣ್ಣು ತಗಡು ಹಿಡಿದವನ ಬೆರಳುಗಳ ಮೇಲಿರಬೇಕು.

ಇನ್ನು ಕೆಲಸದ ಜೀವಾಳ: ಅಂಚು. ಕೆಳಗೆರಡು, ಮೇಲೊಂದು ರೋಲರ್ ಇರುವ ಯಂತ್ರದಲ್ಲಿ ಕೆಳಗಿನ ರೋಲರುಗಳ ನಡುವಿನ ಅಂತರದ ಸುಮಾರು ಅರ್ಧದಷ್ಟು ಭಾಗ ತಗಡಿನ ಎರಡೂ ತುದಿಗಳಲ್ಲಿ ಬಾಗದೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಕಲಿಯುವ ದಿನಗಳಲ್ಲಿ ನಾನು ಇದನ್ನು ಲೆಕ್ಕಿಸದೆ ಸುತ್ತಿದ ಕೊಳವೆಗೆ ಜೋಡಣೆಯ ಜಾಗದಲ್ಲಿ ಮೂಗಿನಂತಹ ಏಣು ಎದ್ದಿತು. ಎಷ್ಟು ಬಡಿದರೂ ಅದು ಹೋಗಲಿಲ್ಲ, ತಗಡು ಗುಜರಿ ಸೇರಿತು. ಆದ್ದರಿಂದ ಸುತ್ತುವ ಮೊದಲೇ, ಬೇಕಾದ ಅಳತೆಗಿಂತ ತುಸು ಸಣ್ಣ ವ್ಯಾಸದ ದಪ್ಪ ಪೈಪಿನ ಮೇಲೆ ಅಂಚನ್ನು ಬಿಗಿದು, ಮರದ ಕೊಡತಿಯಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಮವಾಗಿ ಬಡಿಯುತ್ತ ಬಾಗಿಸಿಕೊಳ್ಳಬೇಕು. ಕಬ್ಬಿಣದ ಸುತ್ತಿಗೆ ಬೇಡ, ಅದರ ಏಟಿಗೆ ತಗಡು ಹಿಗ್ಗಿ ಅಂಚು ಅಲೆಯಂತಾಗುತ್ತದೆ. ಚೂರು ತಗಡಿನಲ್ಲಿ 400 ಮಿ.ಮೀ. ವ್ಯಾಸದ ಕಮಾನು ಕತ್ತರಿಸಿಟ್ಟುಕೊಂಡು, ಅಂಚಿನ ಒಳಗೆ ಹಿಡಿದಾಗ ನಡುವೆ ಬೆಳಕು ಕಾಣದಿರುವವರೆಗೆ ತಿದ್ದಿರಿ. ಎರಡೂ ಕಡೆ ಹೆಚ್ಚುವರಿ ಬಿಟ್ಟು ಆಮೇಲೆ ಕತ್ತರಿಸುವ ಪದ್ಧತಿಯೂ ಉಂಟು; ದಪ್ಪ ಪ್ಲೇಟಿಗೆ ಅದು ಸರಿ, 2 ಮಿ.ಮೀ. ತಗಡಿಗೆ ವ್ಯರ್ಥ ಖರ್ಚು.

ತಗಡನ್ನು ರೋಲರಿಗೆ ನೇರವಾಗಿ ಕೊಡಿ. ಓರೆಯಾದರೆ ಬಾಯಿಗೆ ಬಾಯಿ ಸೇರುವುದಿಲ್ಲ. ಮೇಲಿನ ರೋಲರಿನ ಎರಡೂ ಕಡೆಯ ಸ್ಕ್ರೂಗಳನ್ನು ಸಮನಾಗಿ ಇಳಿಸಬೇಕು, ಒಂದು ಕಡೆ ಹೆಚ್ಚಾದರೆ ಕೊಳವೆ ಶಂಕುವಾಗುತ್ತದೆ. ಒತ್ತಡ ಬಿಟ್ಟ ಕೂಡಲೇ ತಗಡು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುವುದರಿಂದ, ಪ್ರತಿ ಸುತ್ತಿನ ನಂತರ ರೋಲರನ್ನು ಸಡಿಲಿಸಿ ಕಮಾನು ಹಿಡಿದು ನೋಡಿ, ಆಮೇಲೆ ಇನ್ನಷ್ಟು ಇಳಿಸಿ. ಹೆಚ್ಚು ಬಾಗಿದ್ದನ್ನು ಬಿಡಿಸುವುದು ಬಲು ಕಷ್ಟ. ಬಾಯಿ ಕೂಡಿದ ಮೇಲೆ ಎರಡು ತುದಿಗೂ ನಡುವಿಗೂ ಟ್ಯಾಕ್, ಅಂದರೆ ತಾತ್ಕಾಲಿಕವಾಗಿ ಹಿಡಿದಿಡುವ ಚಿಕ್ಕ ವೆಲ್ಡಿಂಗ್ ಚುಕ್ಕೆ, ಹಾಕಿ, ಮೇಲಿನ ರೋಲರಿನ ಒಂದು ತುದಿಯ ಬೇರಿಂಗ್ ಬಿಚ್ಚಿ ಕೊಳವೆಯನ್ನು ಹೊರಗೆಳೆದುಕೊಳ್ಳಿ.