ಆಯಿಲ್ ಕೂಲರ್ ಕೂರಿಸಿದ್ದು ಎರಡು ಸಲ

ರೇಸ್ ಟ್ರ್ಯಾಕ್‌ನಲ್ಲಿ ಐದನೇ ಸುತ್ತು ಮುಗಿಯುವಾಗ ಇಂಜಿನ್ ಆಯಿಲ್‌ನ ಉಷ್ಣತೆಯ ಮೀಟರ್ 136 ಡಿಗ್ರಿ ತೋರಿಸುತ್ತಿತ್ತು. ಡ್ಯಾಶ್‌ಬೋರ್ಡ್‌ನ ನೀರಿನ ಮುಳ್ಳು ಮಾತ್ರ ಏನೂ ಆಗಿಲ್ಲ ಅನ್ನುವ ಹಾಗೆ ನೆಟ್ಟಗೆ 90ರಲ್ಲಿ ನಿಂತಿತ್ತು. ಆ ಮುಳ್ಳನ್ನು ನಂಬಿ ಎಷ್ಟು ಜನ ಇಂಜಿನ್ ಬೇಯಿಸಿಕೊಂಡಿದ್ದಾರೋ! ಹಲವು ಕಾರುಗಳಲ್ಲಿ ನೀರು 80 ಇದ್ದರೂ 100 ಇದ್ದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಓಡಿಸುವವರು ಸುಮ್ನೆ ಗಾಬರಿಯಾಗದಿರಲಿ ಅಂತ. ಆಯಿಲ್‌ಗಾದರೆ ಎಷ್ಟೋ ಕಾರುಗಳಲ್ಲಿ ಮುಳ್ಳೇ ಇಲ್ಲ.

ನನ್ನದು ಎರಡು ಲೀಟರ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನ್ ಆಗಿದೆ, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದೊಡ್ಡದಾಗಿದೆ, ಟರ್ಬೊದಿಂದ ಹೊಗೆ ಹೊರಹೋಗುವ ಡೌನ್‌ಪೈಪ್ ಬದಲಾಗಿದೆ. ಪವರ್ ಜಾಸ್ತಿಯಾದರೆ ಬಿಸಿಯೂ ಜಾಸ್ತಿ ಅನ್ನುವುದು ಗೊತ್ತಿತ್ತು. ಅದರಲ್ಲಿ ಎಷ್ಟು ಪಾಲು ಆಯಿಲ್ ತಲೆಗೆ ಬೀಳುತ್ತದೆ ಅನ್ನುವುದನ್ನು ಮಾತ್ರ ಯೋಚಿಸಿರಲಿಲ್ಲ. ಪಿಸ್ಟನ್‌ಗಳ ಅಡಿಗೆ ಚಿಮ್ಮಿ ಅವನ್ನು ತಣಿಸುವುದು ಆಯಿಲ್. ಟರ್ಬೊದ ಬೇರಿಂಗ್ ಮೂಲಕ ಹೋಗಿ ಬರುವುದೂ ಅದೇ. ಕ್ರ್ಯಾಂಕ್ ಬೇರಿಂಗ್‌ಗಳಲ್ಲಿ ಅರೆದುಕೊಂಡು ಬಿಸಿಯಾಗುವುದೂ ಅದೇ.

ಕೂಲರ್ ಹುಡುಕಲು ಕೂರುವ ಮೊದಲು ಒಂದು ಕೆಲಸ ಸರಿಯಾಗಿ ಮಾಡಿದೆ. ಆ 136 ನಿಜವಾ ಅಂತ ನೋಡಿದೆ. ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಹಾಕಿದರೆ ಸಿಗುವ ಆಯಿಲ್ ಉಷ್ಣತೆ ಅಳತೆಯೇ ಅಲ್ಲ, ಇಸಿಯು ಲೆಕ್ಕ ಹಾಕಿ ಹೇಳುವ ಅಂದಾಜು. ನನ್ನದರಲ್ಲಿ ನಿಜವಾದ ಸೆನ್ಸರ್ ಇತ್ತು. ಆದರೂ ಇನ್ನೊಂದು ಸೆನ್ಸರ್ ಹಾಕಿ ಎರಡನ್ನೂ ಹೋಲಿಸಿದೆ. ಎರಡು ಮೂರು ಡಿಗ್ರಿ ವ್ಯತ್ಯಾಸ, ಅಷ್ಟೇ. ಆಮೇಲೆ ಎರಡು ವಾರ ಸುಮ್ನೆ ಓಡಿಸಿ ಬರೆದಿಟ್ಟುಕೊಂಡೆ. ಊರೊಳಗೆ 95ರಿಂದ 100. ಹೈವೇಯಲ್ಲಿ 104. ಟ್ರ್ಯಾಕ್‌ನಲ್ಲಿ ಮಾತ್ರ ಐದು ಸುತ್ತಿಗೆ 136, ಅದೂ ಇನ್ನೂ ಏರುತ್ತಲೇ ಇತ್ತು.

ಈ ಲೆಕ್ಕ ಕೈಯಲ್ಲಿ ಇಲ್ಲದೆ ಕೂಲರ್ ಕೊಳ್ಳಬಾರದು. ನಾನು ಟ್ರ್ಯಾಕ್‌ಗೆ ಹೋಗದವನಾಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ. 104 ಡಿಗ್ರಿ ಅನ್ನುವುದು ಆಯಿಲ್‌ಗೆ ಜ್ವರವಲ್ಲ, ಅದರ ಆರೋಗ್ಯ. ಪಿಸ್ಟನ್ ರಿಂಗ್ ದಾಟಿ ಕೆಳಗಿಳಿಯುವ ಪೆಟ್ರೋಲ್, ತಣ್ಣಗಿನ ಇಂಜಿನ್‌ನಲ್ಲಿ ಕಟ್ಟುವ ನೀರಿನ ಪಸೆ, ಇವೆರಡೂ ಆವಿಯಾಗಿ ಹೋಗಬೇಕಾದರೆ ಆಯಿಲ್ ಆಗಾಗ 100ರ ಹತ್ತಿರ ಹೋಗಲೇಬೇಕು.

ಮೊದಲು 5ಡಬ್ಲ್ಯೂ-30 ಆಯಿಲ್ ತೆಗೆದು, ಬಿಸಿಯಲ್ಲಿ ಅದಕ್ಕಿಂತ ಗಟ್ಟಿಯಾಗಿರುವ 5ಡಬ್ಲ್ಯೂ-40 ಹಾಕಿದೆ. ಇದರಿಂದ ಉಷ್ಣತೆ ಇಳಿಯಲಿಲ್ಲ, ಇಳಿಯುವುದೂ ಇಲ್ಲ. ಆದರೆ ಬಿಸಿಯಲ್ಲಿ ಬೇರಿಂಗ್ ಮೇಲೆ ಉಳಿಯುವ ಪದರ ದಪ್ಪಗಿರುತ್ತದೆ. 150 ಡಿಗ್ರಿಯಲ್ಲಿ ಜೋರಾಗಿ ಅರೆದು ನೋಡುವ ಎಚ್‌ಟಿಎಚ್‌ಎಸ್ ಪರೀಕ್ಷೆಯಲ್ಲಿ 30ರ ಆಯಿಲ್‌ನ ಗಟ್ಟಿತನದ ಅಂಕಿ ಕನಿಷ್ಠ 2.9 ಇರಬೇಕು, 5ಡಬ್ಲ್ಯೂ-40ರದು ಕನಿಷ್ಠ 3.5. ಟ್ರ್ಯಾಕ್‌ನಲ್ಲಿ ಆಯಿಲ್ ಪ್ರೆಶರ್ ಮೊದಲಿಗಿಂತ ಚೆನ್ನಾಗಿ ನಿಂತಿತು. ಮೀಟರ್ ಮಾತ್ರ ಅಲ್ಲೇ ಇತ್ತು.

ಇನ್ನು ಕೂಲರ್. ಇಂಜಿನ್ ಜತೆಗೇ ಬಂದ ಒಂದು ಕೂಲರ್ ಆಯಿಲ್ ಫಿಲ್ಟರ್ ಹತ್ತಿರ ಇರುತ್ತದೆ. ನೀರು ಮತ್ತು ಆಯಿಲ್ ಒಂದರ ಪಕ್ಕ ಒಂದು ಹರಿಯುವ ಚಿಕ್ಕ ಡಬ್ಬಿ. ಇದನ್ನು ಕಿತ್ತು ಬಿಸಾಡುವವರು ಇದ್ದಾರೆ, ಯಾಕೋ ಗೊತ್ತಿಲ್ಲ. ಬೆಳಿಗ್ಗೆ ತಣ್ಣಗಿರುವ ಆಯಿಲನ್ನು ಬೇಗ ಬಿಸಿ ಮಾಡುವುದು ಅದೇ, ಯಾಕೆಂದರೆ ನೀರು ಆಯಿಲ್‌ಗಿಂತ ಮೊದಲು ಕಾಯುತ್ತದೆ. ನಾನು ಅದನ್ನು ಮುಟ್ಟಲಿಲ್ಲ. ಗಾಳಿಯಿಂದ ತಣಿಯುವ ಇನ್ನೊಂದನ್ನು ಸೇರಿಸುವುದು ಅಂತ ತೀರ್ಮಾನಿಸಿದೆ.

ಇಲ್ಲಿಂದ ತಪ್ಪುಗಳು ಶುರು.

ಮೊದಲ ತಪ್ಪು ಅಳತೆಯದು. 235 ಮಿಲಿಮೀಟರ್ ಅಗಲದ ಕೂಲರ್‌ಗಳು 10, 13, 16, 19 ಸಾಲು ಕೊಳವೆ ಅಂತ ಸಿಗುತ್ತವೆ. ದೊಡ್ಡದಿದ್ದರೆ ಒಳ್ಳೇದು ತಾನೆ ಅಂತ 19 ಸಾಲಿನದು ತಂದೆ. ಎರಡನೆಯದು, ಥರ್ಮೋಸ್ಟಾಟ್ ಇಲ್ಲದ ಸ್ಯಾಂಡ್‌ವಿಚ್ ಪ್ಲೇಟ್ ತಗೊಂಡೆ. ಫಿಲ್ಟರ್‌ಗೂ ಇಂಜಿನ್‌ಗೂ ನಡುವೆ ಕೂರುವ ಬಿಲ್ಲೆ ಇದು. ಆಯಿಲ್ ಇಲ್ಲಿಂದಲೇ ಕೂಲರ್‌ಗೆ ಹೋಗಿ ವಾಪಸ್ ಬರುತ್ತದೆ. ಆಯಿಲ್ ಕಾಯುವವರೆಗೆ ಕೂಲರ್ ದಾರಿಯನ್ನು ಬಹುಪಾಲು ಮುಚ್ಚಿಡುವ ಕವಾಟ ಥರ್ಮೋಸ್ಟಾಟ್; ಅದು ಕೆಡಲು ಇನ್ನೊಂದು ಭಾಗ ಅಂತ ಆಗ ನನಗೆ ಅನ್ನಿಸಿತ್ತು. ಮೂರನೆಯದು ಜಾಗ. ಇಂಟರ್‌ಕೂಲರ್ ಮುಂದೆ, ಬಂಪರ್‌ನ ದೊಡ್ಡ ಬಾಯಿಯ ನಡುಮಧ್ಯ ಕೂರಿಸಿದೆ. ನೋಡಲು ಚೆನ್ನಾಗಿತ್ತು. ನಿಜ ಹೇಳಬೇಕೆಂದರೆ ಅಲ್ಲಿ ಕೂರಿಸಲು ಅದೂ ಒಂದು ಕಾರಣ.

ಮುಂದಿನ ಟ್ರ್ಯಾಕ್ ದಿನ ಆಯಿಲ್ 118ರಲ್ಲಿ ನಿಂತಿತು. ಖುಷಿಯಾಯಿತು. ಆದರೆ ಕಾರು ಮೂರನೇ ಸುತ್ತಿನಿಂದಲೇ ಮಂಕಾಗುತ್ತಿತ್ತು. ಸಂಜೆ ಲಾಗ್ ನೋಡಿದರೆ ಇಂಜಿನ್ ಒಳಗೆ ಹೋಗುವ ಗಾಳಿ ಮೊದಲಿಗಿಂತ 9 ಡಿಗ್ರಿ ಜಾಸ್ತಿ ಬಿಸಿ. ನೀರು 106. ಇಂಜಿನ್ ಉಳಿಸಲು ಇಸಿಯು ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಸಮಯವನ್ನು, ಹಿಂದೆ ಎಳೆಯುತ್ತಿತ್ತು, ಕಾರು ಮಂಕಾಗಿದ್ದು ಅದಕ್ಕೇ. ಬಿಸಿ ಎಲ್ಲಿಗೂ ಹೋಗಿರಲಿಲ್ಲ. ಆಯಿಲ್‌ನಿಂದ ಇಳಿದು ಹಿಂದಿದ್ದ ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ಹತ್ತಿಕೊಂಡಿತ್ತು.

ಎಷ್ಟು ಬಿಸಿ ಅಂತೀರಾ? ನಿಮಿಷಕ್ಕೆ 15 ಲೀಟರ್ ಆಯಿಲ್ ಕೂಲರ್ ಮೂಲಕ ಹರಿದು 15 ಡಿಗ್ರಿ ತಣ್ಣಗಾಯಿತು ಅಂದುಕೊಳ್ಳಿ. ಅದು ಆರು ಕಿಲೋವ್ಯಾಟ್‌ಗಿಂತ ಜಾಸ್ತಿ. ಎರಡು ಕಿಲೋವ್ಯಾಟ್‌ನ ಮೂರು ಗೀಸರ್‌ಗಳನ್ನು ಇಂಟರ್‌ಕೂಲರ್ ಮುಂದೆ ಉರಿಯಲು ಬಿಟ್ಟ ಹಾಗೆ.

ಚಳಿಗಾಲ ಬಂದಾಗ ಎರಡನೇ ತಪ್ಪಿನ ಸರದಿ. ಬೆಳಗಿನ ಹೈವೇಯಲ್ಲಿ ಆಯಿಲ್ 66 ದಾಟಲಿಲ್ಲ. ಒಂದು ತಿಂಗಳಲ್ಲಿ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಮೆತ್ತೆ. ಇಂಜಿನ್‌ನಲ್ಲಿ ನೀರು ಆಯಿಲ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತೇನೋ ಅಂತ ಎದೆ ಧಸಕ್ಕೆಂದಿತು. ನೀರಿನ ಟ್ಯಾಂಕ್ ನೋಡಿದೆ, ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಕಾಯದ ಆಯಿಲ್‌ನಲ್ಲಿ ನಿಂತ ಪಸೆ, ಅಷ್ಟೇ.

ಹೀಗಾಗಿ ಎರಡನೇ ಸಲ. 13 ಸಾಲಿನ ಕೂಲರ್, ಥರ್ಮೋಸ್ಟಾಟ್ ಇರುವ ಪ್ಲೇಟ್, ಜಾಗ ಎಡಗಡೆಯ ಫಾಗ್ ಲ್ಯಾಂಪ್ ಹಿಂದಿನ ಗೂಡು. ಈ ಪ್ಲೇಟ್‌ನ ಥರ್ಮೋಸ್ಟಾಟ್ 80ರ ಆಸುಪಾಸು ತೆರೆಯಲು ಶುರು ಮಾಡುತ್ತದೆ. ಮುಚ್ಚಿದ್ದಾಗಲೂ ಸ್ವಲ್ಪ ಆಯಿಲನ್ನು ಕೂಲರ್‌ಗೆ ಬಿಡುತ್ತಿರುತ್ತದೆ. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು. ಇಲ್ಲದಿದ್ದರೆ ತೆರೆದ ಕ್ಷಣ ತಣ್ಣನೆಯ ಗಟ್ಟಿ ಆಯಿಲ್ ಒಮ್ಮೆಲೇ ಇಂಜಿನ್‌ಗೆ ನುಗ್ಗುತ್ತದೆ.

ಪ್ಲೇಟ್ ಕೂರಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಮೂರು ಕಡೆ ಕಣ್ಣಿಡಬೇಕು. ಹಳೆಯ ಫಿಲ್ಟರ್‌ನ ರಬ್ಬರ್ ರಿಂಗ್ ಇಂಜಿನ್‌ಗೇ ಅಂಟಿಕೊಂಡು ಉಳಿದಿರಬಹುದು. ಅದರ ಮೇಲೆ ಇನ್ನೊಂದು ರಿಂಗ್ ಕೂತರೆ ಮೊದಲ ಸ್ಟಾರ್ಟ್‌ನಲ್ಲೇ ಆಯಿಲೆಲ್ಲ ನೆಲದ ಮೇಲೆ. ಇನ್ನೊಂದು, ಪ್ಲೇಟ್ ದಪ್ಪದಷ್ಟು ಫಿಲ್ಟರ್ ಹೊರಗೆ ಬರುತ್ತದೆ. ಡ್ರೈವ್ ಶಾಫ್ಟ್‌ಗೋ ಸಬ್‌ಫ್ರೇಮ್‌ಗೋ ತಾಗುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ನಾನು ಅಷ್ಟೇ ದಪ್ಪದ ರಟ್ಟಿನ ಬಿಲ್ಲೆ ಕತ್ತರಿಸಿ ಹಳೇ ಫಿಲ್ಟರ್ ತಲೆಗೆ ಅಂಟಿಸಿ ಹಿಡಿದು ನೋಡಿದ್ದೆ. ಮೂರನೆಯದು, ನಡುವಿನ ಬೋಲ್ಟ್‌ನ ಥ್ರೆಡ್ ಫಿಲ್ಟರ್ ಥ್ರೆಡ್‌ಗೆ ಸರಿಹೊಂದಬೇಕು. ಎಂ20 × 1.5 (20 ಮಿಲಿಮೀಟರ್ ದಪ್ಪ) ಮತ್ತು ಮುಕ್ಕಾಲು ಇಂಚು 16 (ಇಂಚಿಗೆ 16 ಎಳೆ) ಎರಡೂ ಚಾಲ್ತಿಯಲ್ಲಿವೆ. ಕಣ್ಣಳತೆಗೆ ಒಂದೇ ಥರ ಕಾಣುತ್ತವೆ, ಕೈಯಲ್ಲಿ ಒಂದು ಸುತ್ತು ತಿರುಗಿಯೂ ಬಿಡುತ್ತವೆ.

ಥ್ರೆಡ್‌ಗಳ ಗೋಜಲು ಅಲ್ಲಿಗೆ ಮುಗಿಯಲಿಲ್ಲ. ಕೂಲರ್ ಬಾಯಿ ಎಂ22, ಪ್ಲೇಟ್ ಬಾಯಿ ಅರ್ಧ ಇಂಚಿನ ಬಿಎಸ್‌ಪಿ, ಹೋಸ್ ತುದಿ ಎಎನ್-10, ಮೂರೂ ಬೇರೆ ಬೇರೆ ಮಾದರಿಯ ಥ್ರೆಡ್. ಬೇರೆ ಬೇರೆ ಕಡೆಯಿಂದ ಬಿಡಿಬಿಡಿಯಾಗಿ ತರಿಸಿದ್ದರ ಫಲ. ಅಡಾಪ್ಟರ್‌ಗಾಗಿ ಮೂರು ದಿನ ಕಾದೆ. ಒಂದು ಮಾತು ನೆನಪಿರಲಿ, ಇಲ್ಲೆಲ್ಲೂ ಟೆಫ್ಲಾನ್ ಟೇಪ್ ಸುತ್ತಬೇಡಿ. ಎಎನ್ ಫಿಟಿಂಗ್ 37 ಡಿಗ್ರಿ ಕೋನದಲ್ಲಿ ಲೋಹಕ್ಕೆ ಲೋಹ ಕೂತು ಸೀಲ್ ಆಗುತ್ತದೆ. ಬಿಎಸ್‌ಪಿ ಜಾಗದಲ್ಲಿ ರಬ್ಬರ್ ಅಂಚಿನ ವಾಷರ್ ಆ ಕೆಲಸ ಮಾಡುತ್ತದೆ. ಟೇಪ್‌ನ ಚೂರು ಕಿತ್ತುಕೊಂಡರೆ ಅದು ಆಯಿಲ್ ದಾರಿಗೇ ಹೋಗುತ್ತದೆ.

ಕೂಲರ್‌ನ ಬಾಯಿ ಬಿಗಿ ಮಾಡುವಾಗ ಯಾವಾಗಲೂ ಎರಡು ಸ್ಪ್ಯಾನರ್. ಒಂದು ಕೂಲರ್ ಕಡೆಯ ನಟ್ಟನ್ನು ಹಿಡಿದಿರಬೇಕು, ಇನ್ನೊಂದು ತಿರುಗಿಸಬೇಕು. ಅಲ್ಯೂಮಿನಿಯಂ ಬಾಯಿ ತಿರುಚಿದರೆ ಬುಡದಲ್ಲಿ ಬಿರುಕು ಬಿಡುತ್ತದೆ. ಕೂಲರನ್ನು ಕಾರಿನ ಚೌಕಟ್ಟಿಗೆ ನೇರವಾಗಿ ಬೋಲ್ಟ್ ಮಾಡದೆ ನಾಲ್ಕು ರಬ್ಬರ್ ಬುಷ್ ಮೇಲೆ ಕೂರಿಸಿದೆ. ಬಾಯಿಗಳು ಮೇಲ್ಮುಖವಾಗಿರುವ ಹಾಗೆ ಇಟ್ಟೆ, ಒಳಗೆ ಗಾಳಿ ಸಿಕ್ಕಿಕೊಳ್ಳದಿರಲಿ ಅಂತ.

ಹೋಸ್ ಕತ್ತರಿಸುವುದು ಸುಲಭ, ಕತ್ತರಿಸಿದ ಮೇಲೆ ತೊಳೆಯುವುದೇ ಮುಖ್ಯ. ಕಟಿಂಗ್ ಡಿಸ್ಕ್ ರಬ್ಬರ್‌ನ ಕಪ್ಪು ಪುಡಿಯನ್ನು ಒಳಗೆಲ್ಲ ಬಿಟ್ಟಿರುತ್ತದೆ. ಕೂಲರ್‌ನಿಂದ ವಾಪಸ್ ಬರುವ ಆಯಿಲ್ ಪ್ಲೇಟ್ ದಾಟಿ ಫಿಲ್ಟರ್ ಮೂಲಕವೇ ಹೋಗುತ್ತದೆ ಅಂತ ಧೈರ್ಯ ಹೇಳುವವರಿದ್ದಾರೆ. ಫಿಲ್ಟರ್ ಕಟ್ಟಿಕೊಂಡರೆ ಅದರ ಬೈಪಾಸ್ ವಾಲ್ವ್ ತೆರೆದು ಸೋಸದ ಆಯಿಲೇ ಇಂಜಿನ್‌ಗೆ ಹೋಗುತ್ತದೆ ಅನ್ನುವುದನ್ನು ಅವರು ಹೇಳುವುದಿಲ್ಲ. ಬ್ರೇಕ್ ಕ್ಲೀನರ್ ಸುರಿದೆ, ಗಾಳಿ ಊದಿದೆ, ಬಿಳಿ ಬಟ್ಟೆ ಎಳೆದೆ. ಬಟ್ಟೆ ಬಿಳಿಯಾಗಿ ಹೊರಬರುವವರೆಗೆ ಆರು ಸಲ. ಇದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಕೂಲರ್ ಅಂದರೆ ನಾನು ದೂರ. ಹಿಂದಿನ ಇಂಜಿನ್‌ನ ಬೇರಿಂಗ್ ಪುಡಿ ಅದರ ಸಂದುಗಳಲ್ಲಿ ಕೂತಿದ್ದರೆ ಹೊರಗೆ ತೆಗೆಯಲು ಆಗುವುದಿಲ್ಲ.

ಸ್ಟೀಲ್ ಹೆಣಿಗೆಯ ಹೋಸ್ ಚೆಂದ, ಆದರೆ ಅದು ಅರ. ಎಲ್ಲಿ ತಾಗುತ್ತದೋ ಅಲ್ಲೆಲ್ಲ ಉಜ್ಜಿ ತೂತು ಮಾಡುತ್ತದೆ. ಹಾಗಾಗಿ ಈ ಸಲ ರಬ್ಬರ್ ಹೊದಿಕೆಯದು ತಂದೆ. ಡೌನ್‌ಪೈಪ್ ಹತ್ತಿರ ಬರುವ ಒಂದು ಗೇಣಿಗೆ ಬೆಂಕಿ ತಡೆಯುವ ತೋಳು ಹಾಕಿದೆ. ಅಡ್ಡ ಕೂತ ಇಂಜಿನ್ ಎಷ್ಟು ಅಲುಗಾಡುತ್ತದೆ ಅಂತ ತುಂಬಾ ಜನ ಮರೆಯುತ್ತಾರೆ. ಒಬ್ಬರನ್ನು ಒಳಗೆ ಕೂರಿಸಿ, ಬ್ರೇಕ್ ಒತ್ತಿಸಿ, ಫಸ್ಟ್ ಮತ್ತು ರಿವರ್ಸ್‌ನಲ್ಲಿ ಕ್ಲಚ್ ಸ್ವಲ್ಪ ಸ್ವಲ್ಪ ಬಿಡಿಸಿ, ಕಾರಿನ ಪಕ್ಕದಲ್ಲಿ ನಿಂತು ನೋಡಿದೆ. ಮೇಲಿನ ಹೋಸ್ ಬಿಗಿಯಾಗಿ ಎಳೆಯುತ್ತಿತ್ತು. ಅದಕ್ಕಿಂತ ನಾಲ್ಕು ಬೆರಳು ಹೆಚ್ಚು ಉದ್ದದ ಹೋಸ್ ಹೊಸದಾಗಿ ಕತ್ತರಿಸಬೇಕಾಯಿತು.

ಸ್ಟಾರ್ಟ್ ಮಾಡುವ ಮೊದಲು ಕೂಲರ್‌ಗೆ ಆಯಿಲ್ ತುಂಬಿಸಿದೆ. ಫ್ಯುಯೆಲ್ ಪಂಪ್ ಫ್ಯೂಸ್ ಕಿತ್ತು, ಹತ್ತು ಸೆಕೆಂಡ್, ಸ್ವಲ್ಪ ಬಿಡುವು, ಮತ್ತೆ ಹತ್ತು ಸೆಕೆಂಡ್ ಅಂತ ಸ್ಟಾರ್ಟರ್ ತಿರುಗಿಸಿದೆ. ಆಯಿಲ್ ದೀಪ ಆರಿದ ಮೇಲೇ ಫ್ಯೂಸ್ ವಾಪಸ್. ಸಿಸ್ಟಮ್‌ಗೆ ಎಷ್ಟು ಆಯಿಲ್ ಜಾಸ್ತಿ ಬೇಕು ಅನ್ನುವ ಲೆಕ್ಕವೂ ಇರಲಿ. ಒಳಗಡೆ 14 ಮಿಲಿಮೀಟರ್ ಇರುವ ಹೋಸ್ ಎರಡು ಮೀಟರ್ ಇದ್ದರೆ ಅದೊಂದೇ 300 ಮಿಲಿ ಕುಡಿಯುತ್ತದೆ. ಕೂಲರ್ ಬೇರೆ. ಥರ್ಮೋಸ್ಟಾಟ್ ಇರುವುದರಿಂದ ಲೀಕ್ ಹುಡುಕುವುದು ತಣ್ಣಗಿರುವಾಗ ಮುಗಿಯುವುದಿಲ್ಲ. ಅದು ಪೂರ್ತಿ ತೆರೆಯುವವರೆಗೆ ಓಡಿಸಿ, ಆಮೇಲೆ ಕೆಳಗೆ ಹೊಕ್ಕು ಟಾರ್ಚ್ ಹಿಡಿದು ನೋಡಬೇಕು. ಡಿಪ್‌ಸ್ಟಿಕ್ ನೋಡುವುದೂ ಆಗಲೇ. ಒಂದು ಜಾಯಿಂಟ್ ಬೆವರುತ್ತಿತ್ತು, ಕಾಲು ಸುತ್ತು ಬಿಗಿ ಮಾಡಿದೆ. ಇಲ್ಲಿ ಸೋಮಾರಿತನ ಬೇಡ. ಈ ಆಯಿಲ್ ಬೀಳುವುದು ಒಂದೋ ಕೆಂಪಗೆ ಕಾದ ಡೌನ್‌ಪೈಪ್ ಮೇಲೆ, ಇಲ್ಲ ನಿಮ್ಮದೇ ಮುಂದಿನ ಟೈರ್ ಕೆಳಗೆ.

ಇಷ್ಟೆಲ್ಲ ಮಾಡಿ ಟ್ರ್ಯಾಕ್‌ಗೆ ಹೋದರೆ 127! ಚಿಕ್ಕ ಕೂಲರ್ ಸಾಲಲಿಲ್ಲ ಅಂತಲೇ ಅಂದುಕೊಂಡೆ. ಊಟದ ಬಿಡುವಿನಲ್ಲಿ ಬಂಪರ್ ಮುಂದೆ ಮಂಡಿಯೂರಿ ಕೂತಾಗ ಹೊಳೆಯಿತು. ಗಾಳಿ ಒಳಗೆ ಬರಲು ದಾರಿ ಇದೆ, ಹೊರಗೆ ಹೋಗಲು ಎಲ್ಲಿದೆ? ಕೂಲರ್ ಹಿಂದೆ ಚಕ್ರದ ಗೂಡಿನ ಪ್ಲಾಸ್ಟಿಕ್ ಲೈನರ್ ಗೋಡೆಯ ಹಾಗೆ ನಿಂತಿತ್ತು. ಹಿಂದಿನ ಬಾಗಿಲು ಮುಚ್ಚಿದ ಮನೆಗೆ ಮುಂದಿನ ಕಿಟಕಿಯಿಂದ ಗಾಳಿ ಬರುವುದಿಲ್ಲ ಅಲ್ವಾ, ಹಾಗೆ. ಗಾಳಿ ಕೂಲರ್ ಹತ್ತಿರ ಬಂದು, ಒತ್ತಡ ಕಟ್ಟಿ, ಪಕ್ಕಕ್ಕೆ ತಿರುಗಿ ಹೋಗುತ್ತಿತ್ತು.

ಮನೆಗೆ ಬಂದು ಲೈನರ್‌ನಲ್ಲಿ, ಕೂಲರ್ ಎದುರಿಗೆ, ಅಂಗೈ ಅಗಲದ ಕಿಂಡಿ ಕೊರೆದೆ. ಕಲ್ಲು ಹಾರದಿರಲಿ ಅಂತ ಒಳಗಿಂದ ಜಾಲರಿ ಹಾಕಿದೆ. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಟೈರ್ ತಾಗುವುದಿಲ್ಲ ಅಂತ ಖಚಿತ ಮಾಡಿಕೊಂಡೆ. ಮುಂದೆ ಬಂಪರ್ ಬಾಯಿಂದ ಕೂಲರ್ ಅಂಚಿನವರೆಗೆ ತೆಳು ಅಲ್ಯೂಮಿನಿಯಂ ತಗಡಿನ ಕೊಳವೆ ಮಾಡಿ, ಸಂದುಗಳಿಗೆಲ್ಲ ಫೋಮ್ ಅಂಟಿಸಿದೆ. ಇಡೀ ಕೆಲಸದಲ್ಲಿ ಕಡಿಮೆ ಖರ್ಚಿನ ಭಾಗ ಇದೇ.

ಮುಂದಿನ ಸಲ ಅದೇ ಟ್ರ್ಯಾಕ್, ಹೆಚ್ಚುಕಮ್ಮಿ ಅದೇ ಬಿಸಿಲು. ಎಂಟು ಸುತ್ತು ಆದ ಮೇಲೂ ಆಯಿಲ್ 113 ದಾಟಲಿಲ್ಲ. ಇಂಟರ್‌ಕೂಲರ್ ಮುಂದೆ ಏನೂ ಇಲ್ಲದ್ದರಿಂದ ಒಳಗೆ ಹೋಗುವ ಗಾಳಿ ಮೊದಲಿನ ಮಟ್ಟಕ್ಕೆ ಬಂತು, ನೀರು 98. ಚಳಿಗಾಲದ ಹೈವೇಯಲ್ಲಿ 92. ಮುಚ್ಚಳದ ಒಳಗೆ ಬೆಣ್ಣೆ ಇಲ್ಲ.

ಇನ್ನೊಂದು ಸಣ್ಣ ಕಿರಿಕಿರಿ ಉಳಿದಿದೆ. ಆಯಿಲ್ ಬದಲಿಸುವಾಗ ಕೂಲರ್ ಮತ್ತು ಹೋಸ್‌ನಲ್ಲಿರುವ ಹಳೇ ಆಯಿಲ್ ತಾನಾಗಿ ಇಳಿಯುವುದಿಲ್ಲ, ಬಾಯಿ ಮೇಲಿದೆಯಲ್ಲ. ಪ್ರತಿ ಸಲ ಹೋಸ್ ಬಿಚ್ಚುವ ಬದಲು ನಾನು ಆಯಿಲನ್ನೇ ಸ್ವಲ್ಪ ಬೇಗ ಬದಲಿಸುತ್ತೇನೆ. 19 ಸಾಲಿನ ಆ ದೊಡ್ಡ ಕೂಲರ್ ಇನ್ನೂ ಶೆಡ್‌ನ ಗೋಡೆಗೆ ನೇತಾಡುತ್ತಿದೆ. ಕೇಳಿದವರಿಗೆ ಕೊಡುತ್ತಿಲ್ಲ, ಅವರೂ ಅದನ್ನು ಇಂಟರ್‌ಕೂಲರ್ ಮುಂದೆಯೇ ಕೂರಿಸುತ್ತಾರೆ ಅಂತ ನನಗೆ ಗೊತ್ತು.